ಜೀವ ಇಳಿಸುವ ಮುನ್ನ

ಒಂದು ಜಡೆ ಹೆಣೆದಾಗಿತ್ತು. ಇನ್ನೊಂದರ ಕೂದಲನ್ನು ಮೂರು ಎಳೆ ಮಾಡಿ ಬೆರಳ ಸಂದಿಯಲ್ಲಿ ಹಿಡಿದು, ಹಲ್ಲಲ್ಲಿ ಕಚ್ಚಿಕೊಂಡಿದ್ದ ರಿಬ್ಬನ್ನನ್ನು ದಾಕ್ಷಾಯಿಣಿ ಇನ್ನೇನು ತೆಗೆಯಬೇಕು, ಸಾತಪ್ಪ ಬಾಗಿಲಲ್ಲಿ ಬಂದು ನಿಂತ. ಗುಡಿ ಕಮಿಟಿಯ ಹಿರಿಯ ಅವನು. ಯಾರ ಮನೆಗೆ ಹೋದರೂ ಹೊರಗಿನಿಂದಲೇ ಕೆಮ್ಮಿ, ಚಪ್ಪಲಿ ಬಿಟ್ಟು, ಅದೀರೇನ್ರಿ ಎಂದು ಕೇಳಿ ಒಳಗೆ ಬರುವವನು. ಇವತ್ತು ಕೆಮ್ಮಲಿಲ್ಲ. ಚಪ್ಪಲಿಯೂ ಕಾಲಲ್ಲೇ ಇತ್ತು.

"ತಂಗಿ, ದ್ಯಾಮವ್ವನ ಚೀಲಾ ಹರದೈತಿ," ಅಂದ.

ಬಾಯಲ್ಲಿ ರಿಬ್ಬನ್ ಇದ್ದುದರಿಂದ ಅವಳಿಗೆ ತಟ್ಟನೆ ಏನೂ ಹೇಳಲಾಗಲಿಲ್ಲ. ಕೈ ಮಾತ್ರ ತಾನಾಗಿ ಬಿಗಿಯಾಗಿ ಕೂದಲು ಎಳೆಯಿತು. ಮೊಣಕಾಲುಗಳ ನಡುವೆ ಕುಳಿತಿದ್ದ ಮಗಳು ನೀಲಾ ಕೂಗಲಿಲ್ಲ. ಬಾಚಣಿಗೆ ತುಸು ಸಿಕ್ಕಿಕೊಂಡರೂ 'ಯವ್ವಾ, ಸತ್ತೆ' ಎಂದು ಓಣಿಗೆಲ್ಲ ಕೇಳುವಂತೆ ಒದರುವ ಹುಡುಗಿ, ಕುತ್ತಿಗೆ ಸೆಟೆಸಿಕೊಂಡು ಗೋಡೆ ನೋಡುತ್ತ ಕುಳಿತಿದ್ದಳು. ಆ ಕುತ್ತಿಗೆಯ ಬಿಗಿ ದಾಕ್ಷಾಯಿಣಿಯ ತೊಡೆಗೆ ತಾಗಿತು. ತಾಗಿದ್ದು ಏನೆಂದು ತಿಳಿಯಲು ಅವಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

"ಕೀಲಿ ಮುರದಾರೇನ್ರಿ ಮಾಮಾ?"

"ಕೀಲಿ ಹಾಕಿದ್ದು ಹಾಕಿದಂಗ ಐತಿ. ಸಿದ್ರಾಯ ಊದಿನಕಡ್ಡಿ ಹಚ್ಚಾಕಂತ ಬಾಗಲಾ ತಗದ್ರ ಒಳಗ ಹರದೈತಿ. ಅದ ಖರೆ ಸೋಜಿಗ. ಮಂದಿ ಕೂಡಾಕತ್ತಾರ, ನೀ ಲಗೂ ಬಾ."

ಅವಳು ಮೊಳೆಯ ಕಡೆ ನೋಡಿದಳು. ಹಳೆ ಕನ್ನಡ ಸಾಲಿಯಲ್ಲಿ ದ್ಯಾಮವ್ವನನ್ನು ಇಟ್ಟಿದ್ದ ಕೋಣೆಗೆ ಎರಡೇ ಕೀಲಿಕೈ. ಒಂದು ಪೂಜಾರಿ ಸಿದ್ರಾಯನ ಉಡಿದಾರದಲ್ಲಿ, ಇನ್ನೊಂದು ಇವಳ ಮನೆಯ ಮೊಳೆಯಲ್ಲಿ. ಮೊಳೆಯಲ್ಲಿ ಕೀಲಿಕೈ ಇತ್ತು. ಇದ್ದದ್ದೇ ಅವಳಿಗೆ ಹೆದರಿಕೆ ತಂದಿತು, ಕಳೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಲ್ಲೋಳಿ ದಾಟಿ ಮುಂದೆ ಸಿಗುವ ಈ ಊರಿನ ಗ್ರಾಮದೇವಿ ದ್ಯಾಮವ್ವ ಕಟ್ಟಿಗೆಯವಳು. ಆಳೆತ್ತರ, ಅಗಲ ಕಣ್ಣು, ಕೆಂಪು ಮುಖ. ಹೋದ ಬೇಸಿಗೆಯಿಂದ ಅವಳ ಪಾದದ ಕೆಳಗೆ ನುಣ್ಣನೆಯ ಹಿಟ್ಟು ಉದುರತೊಡಗಿತ್ತು. ಮೊದಮೊದಲು ದೇವಿಯ ಭಂಡಾರದ ಪುಡಿಯೆಂದು ಮಂದಿ ಹಣೆಗೆ ಹಚ್ಚಿಕೊಂಡರು. ಆಮೇಲೆ ಮೊಣಕೈಯಲ್ಲಿ ಸೂಜಿಯಷ್ಟು ಸಣ್ಣ ತೂತುಗಳು ಕಂಡವು. ಹಿಂದಿನವರಾಗಿದ್ದರೆ ತೂತಿಗೆ ಸೀಮೆಎಣ್ಣೆ ಸುರಿದು, ಮೇಣ ತುಂಬಿ, ಗೋಕಾಕದಿಂದ ಬಣ್ಣದವರನ್ನು ಕರೆಸಿ ಮೇಲೊಂದು ಕೈ ಹೊಡೆಸುತ್ತಿದ್ದರು. ಈ ಸಲ ಸಾತಪ್ಪನ ಓಡಾಟದಿಂದ ಯಶೋಧರಾ ಬಂದಳು. ಮೂಡಲಗಿಯ ಹೆಣ್ಣುಮಗಳು, ಹಳೆಯ ವಸ್ತುಗಳನ್ನು ಕೆಡದಂತೆ ಉಳಿಸುವ ವಿದ್ಯೆಯನ್ನೇ ಓದಿ ಬಂದವಳು. ಕೋಣೆ ಕತ್ತಲು ಮಾಡಿ ನೇರಳೆ ಬೆಳಕಿನ ದೀಪ ಹಿಡಿದು ದೇವಿಯ ಮುಖದ ಮೇಲೆ ಆಡಿಸಿದಾಗ, ತೀರ ಈಚೆಗೆ ಹಚ್ಚಿದ ಬಣ್ಣ ಕಪ್ಪಗೇ ಉಳಿಯಿತು, ಹಳೆಯದು ಒಂದು ತೆರ ಹೊಳೆಯಿತು. ಸಾಸಿವೆಯಷ್ಟು ಬಣ್ಣದ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ದಾಕ್ಷಾಯಿಣಿಗೂ ತೋರಿಸಿದ್ದಳು. ಒಂದರ ಮೇಲೊಂದು ಪದರ, ಮೇಲೆ ಅಂಗಡಿಯ ಆಯಿಲ್ ಪೇಂಟು, ತಳದಲ್ಲಿ ಅರಿಸಿನದ ಬಣ್ಣ. "ನೋಡ್ರಿ, ನಿಮ್ಮ ದೇವಿ ಮೊದಲ ಹಳದಿ ಇದ್ಲು" ಎಂದು ಯಶೋಧರಾ ನಕ್ಕಾಗ ದಾಕ್ಷಾಯಿಣಿಗೆ ಯಾಕೋ ಮೈ ಜುಮ್ಮೆಂದಿತ್ತು. ಔಷಧ ಹೊಡೆದರೆ ಆ ತಳದ ಹಳದಿಗೇ ಪೆಟ್ಟು. ಅದಕ್ಕೆಂದೇ ಚೀಲ. ದೇವಿಯನ್ನು ದಪ್ಪ ಪ್ಲಾಸ್ಟಿಕ್ಕಿನೊಳಗಿಟ್ಟು ಅಂಚುಗಳನ್ನು ಕಾಸಿ ಅಂಟಿಸಿ, ಒಳಗಿನ ಆಮ್ಲಜನಕ ಹೊರದೂಡಿ ಸಿಲಿಂಡರಿನಿಂದ ಸಾರಜನಕ ತುಂಬಿಸಿ ವಾರಗಟ್ಟಲೆ ಬಿಡುವುದು. ಬಣ್ಣಕ್ಕೆ ಏನೂ ಆಗುವುದಿಲ್ಲ. ಕಟ್ಟಿಗೆಯ ಆಳದಲ್ಲಿರುವ ಹುಳ, ಹುಳದ ಮರಿ, ತತ್ತಿ, ಎಲ್ಲ ಉಸಿರಿಲ್ಲದೆ ಸಾಯುತ್ತವೆ. ಮುಂಜಾನೆ ಸಂಜೆ ಒಳಗಿನ ಆಮ್ಲಜನಕದ ಮೀಟರು ನೋಡಲು ಓದಿದವರೊಬ್ಬರು ಬೇಕಿತ್ತು. ದಾಕ್ಷಾಯಿಣಿ ಗೋಕಾಕದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು, ಮದುವೆಯಾದ ಮೇಲೆ ಅದನ್ನು ಉಪ್ಪಿನಕಾಯಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿದವಳಲ್ಲ. ಆ ಕೆಲಸ ಅವಳಿಗೆ ಬಂತು.

ಮೀಟರಿನ ಸಂಖ್ಯೆ ಇಳಿಯಬೇಕು. ಇಳಿದಷ್ಟೂ ಒಳ್ಳೆಯದು. ಮೊದಲ ದಿನ ಇಪ್ಪತ್ತರಿಂದ ಹತ್ತಕ್ಕೆ, ಐದಕ್ಕೆ, ಒಂದಕ್ಕೆ ಇಳಿಯುತ್ತಿದ್ದಂತೆ ಯಶೋಧರಾ ಬೆನ್ನು ತಟ್ಟಿ "ಭೇಷ್" ಅಂದಿದ್ದಳು. ದಾಕ್ಷಾಯಿಣಿ ಹೊರಗೆ ಬಂದು ಸಾಲಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದಳು. ಗಂಡ ಗುರುರಾಜನ ಬೆರಳಿಗೆ ಸಿಕ್ಕಿಸಿದ್ದ ಚಿಮಟದಂಥ ಯಂತ್ರದಲ್ಲೂ ಸಂಖ್ಯೆ ಹೀಗೆಯೇ ಇಳಿದಿತ್ತು. ಎಂಬತ್ತೆರಡು, ಎಪ್ಪತ್ತೊಂಬತ್ತು, ಎಪ್ಪತ್ತು. ಅವನು ಅದನ್ನು ನೋಡಬಾರದೆಂದು ಅವಳು ಅವನ ಕೈಯನ್ನು ಹೊದಿಕೆಯೊಳಗೆ ತೂರಿಸಿದ್ದಳು. ಅವನು ಕೈ ಹೊರತೆಗೆದು ನೋಡಿ, "ಇದು ಕೆಟ್ಟೈತಿ, ದಾಕ್ಷಿ, ಸೆಲ್ ಬದಲ ಮಾಡು" ಅಂದಿದ್ದ. ರೋಗ ಹಬ್ಬಿದ್ದ ಆ ವರ್ಷ ಎಲ್ಲ ದವಾಖಾನೆಗಳ ಮುಂದೆಯೂ ಮಂದಿ ಸಿಲಿಂಡರಿಗಾಗಿ ಕೈ ಮುಗಿಯುತ್ತ ನಿಂತಿದ್ದರು. ಈಗ ಒಂದು ಸಿಲಿಂಡರು ಅವಳ ಬೆನ್ನ ಹಿಂದಿನ ಕೋಣೆಯಲ್ಲೇ ನಿಂತಿದೆ, ಉಸಿರು ಕೊಡಲಿಕ್ಕಲ್ಲ, ಕಸಿಯಲಿಕ್ಕೆ. ಇದನ್ನು ಯಾರಿಗೆ ಹೇಳಬೇಕು? ಹೇಳಿದರೆ ಕೆಲಸ ಬೇಡವಾಗಿದೆ ಅಂದುಕೊಳ್ಳುತ್ತಾರೆ.

ನೀಲಾಳಿಗೆ ಆಗ ನಾಲ್ಕು ವರ್ಷ. ಈಗ ಒಂಬತ್ತು. ಈ ಹುಡುಗಿಯ ಬಾಯಲ್ಲಿ ಒಂದು ಪ್ರಶ್ನೆ ಇದೆಯೆಂದು ದಾಕ್ಷಾಯಿಣಿಗೆ ಗೊತ್ತು. ಅಪ್ಪನ ಬಗ್ಗೆ. ರೊಟ್ಟಿ ಬಡಿಯುವಾಗ ಬಂದು ಪಕ್ಕದಲ್ಲಿ ಕುಳಿತು ತುಟಿ ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. "ಏನವಾ?" ಅಂದರೆ "ಏನಿಲ್ಲ, ನೀರ ಕೊಡು" ಅನ್ನುತ್ತದೆ. ಕೊಟ್ಟ ನೀರನ್ನು ಕುಡಿಯದೆ ಇಟ್ಟು ಹೋಗುತ್ತದೆ. ತಾನೇ ಕೂರಿಸಿಕೊಂಡು ಮೆಲ್ಲಗೆ ಕೇಳಬಹುದಿತ್ತು. ತಾಯಿಯಾದವಳು ಅಷ್ಟು ಮಾಡಬೇಕಿತ್ತು. ಆದರೆ ಪ್ರಶ್ನೆ ಹಿಂದೆ ಸರಿದಾಗಲೆಲ್ಲ ಅವಳ ಎದೆ ಹಗುರಾಗುತ್ತಿತ್ತು, ಹಿಟ್ಟಿನ ಮೇಲೆ ಕೈ ಇನ್ನಷ್ಟು ಜೋರಾಗಿ ಆಡುತ್ತಿತ್ತು.

ಅರ್ಧ ಹೆಣೆದ ಜಡೆಯನ್ನು ಹಾಗೇ ಬಿಟ್ಟು ಅವಳು ಎದ್ದಳು. "ಆಯಿ ಹಾಲ ತಂದ ಮ್ಯಾಲ ಅಕಿ ಕಡೆ ಹಾಕಿಸ್ಕೋ, ಸಾಲಿಗೆ ಹೋಗು" ಎಂದಳು. ನೀಲಾ ಹಿಂತಿರುಗಿ ನೋಡಲಿಲ್ಲ.

ಸಾಲಿಯ ಮುಂದೆ ಹೆಂಗಸರು ಸೆರಗು ಹೊದ್ದು ನಿಂತಿದ್ದರು. ನೀಲಾಳ ಆಯಿ, ತನ್ನ ಅತ್ತೆ ಕೆಂಚವ್ವ ಅವರ ನಡುವೆ ಆಗಲೇ ಇದ್ದಳು. ಹಾಲು ತರಲು ಹೋದವಳು ಹಾಲಿನ ಚರಿಗೆ ಹಿಡಿದುಕೊಂಡೇ ಬಂದುಬಿಟ್ಟಿದ್ದಳು. ದಾಕ್ಷಾಯಿಣಿಯನ್ನು ಕಂಡು ಮಂದಿ ದಾರಿ ಬಿಟ್ಟರು. ಹೀಗೆ ದಾರಿ ಬಿಡುವುದು ಎರಡೇ ಸಲ, ಮದುವೆಯ ದಿನ ಮತ್ತು ಸಾವಿನ ದಿನ ಎಂದು ಅವಳಿಗೆ ಅನ್ನಿಸಿತು.

ಒಳಗೆ ಕಿಟಕಿಯ ಬೆಳಕು ಚೀಲದ ಮೇಲೆ ಬಿದ್ದಿತ್ತು. ಮೊದಲು ಮೀಟರನ್ನೇ ನೋಡಿದಳು, ರೂಢಿ. ಇಪ್ಪತ್ತು ಚಿಲ್ಲರೆ. ಹೊರಗಿನ ಗಾಳಿ, ಎಲ್ಲರೂ ಉಸಿರಾಡುವ ಸಾದಾ ಗಾಳಿ. ವಾರಗಟ್ಟಲೆ ಕಾದದ್ದು ಮಣ್ಣುಪಾಲಾಗಿತ್ತು, ಸಾಯಬೇಕಿದ್ದ ಹುಳಗಳು ಮತ್ತೆ ಮೈ ಮುರಿಯುತ್ತಿರಬಹುದು. ಆಮೇಲೆ ಕಣ್ಣೆತ್ತಿದಳು. ಚೀಲ ಹರಿದಿರಲಿಲ್ಲ. ಕತ್ತರಿಸಿತ್ತು. ದೇವಿಯ ಮೂಗು ಬಾಯಿಯ ನೇರಕ್ಕೆ, ಅಂಗೈಯಗಲ, ಪಡಿ ತೆರೆದ ಪುಟ್ಟ ಕಿಟಕಿಯಂತೆ. ಮೂರು ಕಡೆ ಕತ್ತರಿಸಿ, ನಾಲ್ಕನೆಯ ಕಡೆ ಹಾಗೇ ಬಿಟ್ಟು, ಪ್ಲಾಸ್ಟಿಕ್ಕನ್ನು ಹೊರಕ್ಕೆ ಮಡಚಿತ್ತು. ಮೂಲೆಗಳು ಚೂಪಾಗಿರಲಿಲ್ಲ, ದುಂಡಗಿದ್ದವು. ಚೂಪು ಬಿಟ್ಟರೆ ಚುಚ್ಚುತ್ತದೆಂದು, ಪುಸ್ತಕಕ್ಕೆ ಹಾಕುವ ಹೆಸರಿನ ಚೀಟಿಯಿಂದ ಹಿಡಿದು ಹುಟ್ಟುಹಬ್ಬದ ಬಣ್ಣದ ಕಾಗದದವರೆಗೆ ಎಲ್ಲದರ ಮೂಲೆಯನ್ನೂ ದುಂಡಗೆ ಕತ್ತರಿಸುವ ಕೈ ಈ ಜಗತ್ತಿನಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ, ನೀಲಾಳದು.

ತೊಡೆಗೆ ತಾಗಿದ್ದ ಆ ಬಿಗಿ ಈಗ ಅರ್ಥವಾಯಿತು. ಸಿಲಿಂಡರಿನ ಕೊರಳು ಹಿಡಿದುಕೊಂಡಳು. ಅದು ತಣ್ಣಗಿತ್ತು.

"ಅಕಿನ ಹರಕೊಂಡಾಳ," ಎಂದು ಹಿಂದಿನಿಂದ ಕೆಂಚವ್ವನ ದನಿ ಬಂತು. ಮುದುಕಿ ಹೊಸ್ತಿಲಲ್ಲೇ ಮೊಣಕಾಲೂರಿದ್ದಳು. "ಉಸಿರ ಕಟ್ಟಿತ್ತಲ್ಲವ್ವಾ ನಿನಗ. ನಮ್ಮಂಥಾ ಪಾಪಿಗೋಳ ಊರಾಗ ಯಾಕ ಹುಟ್ಟಿದಿ ಯವ್ವಾ. ಹರಕೊಂಡಿ, ಚಲೋ ಮಾಡಿದಿ."

"ಹುಚ್ಚಿ, ಹಿಂಗ ನೀಟಾಗಿ ಹರಕೋತಾಳೇನು?" ಎಂದು ಯಾರೋ ಗಂಡಸು ಅಂದ. "ದೇವರು ಅಂದ ಮ್ಯಾಲ ನೀಟಾಗೇ ಹರಕೋಬೇಕಲ್ಲೋ, ನಿನ್ನಂಗ ಸಿಕ್ಕ ಸಿಕ್ಕಂಗ ಹರೀತಾಳೇನು?" ಎಂದು ಹೆಂಗಸರ ನಡುವಿನಿಂದ ಫಕೀರವ್ವ ತಿರುಗೇಟು ಕೊಟ್ಟಳು. ಯಾರೋ ನಕ್ಕರು. ನಗು ಅಲ್ಲೇ ನಿಂತಿತು, ಸಿದ್ರಾಯ ಆಗಲೇ ಕರ್ಪೂರ ಹಚ್ಚುತ್ತಿದ್ದ.

ದಾಕ್ಷಾಯಿಣಿ ಚೀಲದ ಆ ಕಿಟಕಿಯನ್ನೇ ನೋಡುತ್ತ ನಿಂತಳು. ಕತ್ತರಿಸಿದ ಅಂಚಿನ ಸುತ್ತ, ಪ್ಲಾಸ್ಟಿಕ್ಕಿನ ಒಳಮೈಗೆ ಸಣ್ಣ ಸಣ್ಣ ಹನಿಗಳು ಕುಳಿತಿದ್ದವು. ಸಂಜೆಯ ತಂಪಿಗೆ ಕಟ್ಟಿಗೆಯ ಪಸೆ ಹೊರಬಂದು ಹಾಗೆ ಕೂರುತ್ತದೆ, ಎರಡು ದಿನದಿಂದ ಅವಳು ಅದನ್ನು ನೋಡಿ ಯಶೋಧರಾಗೆ ಹೇಳಿಯೂ ಇದ್ದಳು. ಮೂಗಿನ ಹತ್ತಿರವೇ ಹೆಚ್ಚು ಕೂತದ್ದು ಕೋಣೆಯ ಕಿಟಕಿ ಆ ಕಡೆ ಇದ್ದುದರಿಂದ. ಎಲ್ಲಕ್ಕೂ ಕಾರಣವಿದೆ. ದವಾಖಾನೆಯವರು ಗುರುರಾಜನ ಹೆಣ ಕೊಟ್ಟ ದಿನವೂ ಕಾರಣವಿತ್ತು. ಗಾಡಿಯ ಹಿಂದಿನ ಬಾಗಿಲು ತೆಗೆದರು, ಮೈತುಂಬ ಬಿಳಿ ಗೌನು ತೊಟ್ಟ ಇಬ್ಬರು ಉದ್ದನೆಯ ಗಂಟನ್ನು ಇಳಿಸಿದರು. ಹೆಸರು ಬರೆದ ಪಟ್ಟಿ ಕಾಲಿನ ಕಡೆ ಅಂಟಿಸಿತ್ತು. "ಒಮ್ಮೆ ಮುಖಾ..." ಎಂದು ಅವಳು ಕೇಳಿದಳು, ತೀರ ಸಣ್ಣ ದನಿಯಲ್ಲಿ, ಕೇಳಿಸದಿರಲಿ ಎಂಬಂತೆ. "ಬ್ಯಾಡ್ರಿ ಅಕ್ಕಾರ, ತಗಿಯಾಕ ಬರೂದಿಲ್ಲ" ಎಂದು ಅವರಲ್ಲಿ ಒಬ್ಬ ಅಂದ. ಮುಖ ಕಾಣದ ಅವನ ದನಿ ಎಳೆಯದಾಗಿತ್ತು. ಆಗ ಅವಳಿಗೆ ಆದದ್ದು ದುಃಖವಲ್ಲ, ಒಂದು ಗಳಿಗೆಯ ನಿರಾಳ. ನೋಡಬೇಕಾಗಲಿಲ್ಲವಲ್ಲ. ಆ ನಿರಾಳವನ್ನು ಅವಳು ಈಗಲೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾಳೆ. ಅದಾದ ಮೇಲೆಯೇ ಕಂಡದ್ದು, ತಲೆಯ ಕಡೆ, ಪ್ಲಾಸ್ಟಿಕ್ಕಿನ ಒಳಗೆ, ಮಂಜಿನಂತೆ ಕುಳಿತ ಹನಿ. ಶೈತ್ಯದ ಕೋಣೆಯಿಂದ ತೆಗೆದದ್ದನ್ನು ಬಿಸಿಲಲ್ಲಿ ಇಟ್ಟರೆ ಹನಿ ಕೂರಲೇಬೇಕು. ಪಿಯುಸಿ ಹುಡುಗರಿಗೂ ಗೊತ್ತು. ಆದರೆ ಹನಿ ಹೊರಗೆ ಕೂರಬೇಕಲ್ಲವೆ, ಒಳಗೆ ಯಾಕೆ ಕೂತಿತ್ತು ಎಂದು ಹಾಲು ಉಕ್ಕಿಸುವಾಗ, ಬಸ್ಸಿನಲ್ಲಿ ಕೂತಾಗ, ಸುಮ್ಮಸುಮ್ಮನೆ ಒಂದು ದನಿ ಕೇಳುತ್ತದೆ. ಒಳಗಿತ್ತೋ ಹೊರಗಿತ್ತೋ, ಅವಳು ಹತ್ತಿರ ಹೋಗಿ ನೋಡಿದವಳಲ್ಲ. ಲಿಂಗವಂತರ ಮನೆಯ ಗಂಡಸನ್ನು ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಬೇಕು. ಅವನನ್ನು ಮಲಗಿಸಿಯೇ ಹೂತರು. ಕೆಂಚವ್ವ ನೀಲಾಳನ್ನು ಬಗಲಲ್ಲಿ ಎತ್ತಿಕೊಂಡು ದೂರದ ಬೇಲಿಯ ಆಚೆ ನಿಂತು, "ಕುಂದರಸ್ರೋ, ನನ್ನ ಮಗನ್ನ ಕುಂದರಸ್ರೋ" ಎಂದು ಕೂಗುತ್ತಿದ್ದಳು. ಮಗು ಬಾಯಲ್ಲಿ ಬೆರಳಿಟ್ಟುಕೊಂಡು ಗಂಟನ್ನು ನೋಡುತ್ತಿತ್ತು.

ಸ್ಕೂಟಿಯ ಸದ್ದಾಯಿತು. ಮೂಡಲಗಿಯಿಂದ ಯಶೋಧರಾ ಬಂದಿದ್ದಳು, ಫೋನು ಸಾತಪ್ಪನೇ ಮಾಡಿದ್ದಿರಬೇಕು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಬಂದವಳನ್ನು ಸಿದ್ರಾಯ ಆರತಿ ತಟ್ಟೆ ಅಡ್ಡ ಹಿಡಿದು ನಿಲ್ಲಿಸಿದ.

"ಬಾಯಾರ, ಅಲ್ಲೇ ನಿಂದರ್ರಿ."

"ಯಾಕ್ರಿ? ನೋಡಬೇಕಲ್ಲ ಏನಾಗೇತಿ ಅಂತ."

"ದೇವಿ ಎಚ್ಚರ ಆಗ್ಯಾಳ್ರಿ. ಇಷ್ಟ ದಿನಾ ಬರೇ ಕಟಗಿ ಇತ್ತು, ನೀವು ಮುಟ್ಟಿದ್ರಿ, ತಿಕ್ಕಿದ್ರಿ, ನಾವು ಏನರ ಅಂದೇವೇನು? ಈಗ ಹಂಗಲ್ಲ."

ಯಶೋಧರಾಳ ಮನೆಯಲ್ಲಿ ಯಾವ ದೇವರ ಜಗಲಿಯೂ ಇಲ್ಲ, ಬುದ್ಧನ ಮೂರ್ತಿ ಇದೆ, ಅವಳಪ್ಪ ಯಾವ ಓಣಿಯವನು, ಇದೆಲ್ಲ ಊರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರೂ ಆಡಿರಲಿಲ್ಲ, ಯಾಕೆಂದರೆ ಆಡದಂತೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ದೇವಿಯನ್ನು ಬಣ್ಣಕ್ಕೋ ದುರಸ್ತಿಗೋ ಕೊಡುವಾಗ ಪೂಜಾರಿ ಮೊದಲು ಅವಳ ಜೀವವನ್ನು ತಾಮ್ರದ ಕೊಡದ ನೀರಿಗೆ ಇಳಿಸುತ್ತಾನೆ. ಆ ಕೊಡ ಗುಡಿಯಲ್ಲಿ ಕೂತು ಪೂಜೆ ಪಡೆಯುತ್ತದೆ. ಉಳಿದದ್ದು ಕಟ್ಟಿಗೆ, ಯಾರು ಮುಟ್ಟಿದರೂ ನಡೆಯುತ್ತದೆ. ಬಡಿಗನ ಉಳಿಗೂ, ಬಣ್ಣದವನ ಕುಂಚಕ್ಕೂ, ಯಶೋಧರಾಳ ಹತ್ತಿಯ ಉಂಡೆಗೂ ಅದೇ ರಹದಾರಿ.

"ಜೀವಾ ಕೊಡದಾಗ ಐತಿ ಅಂತ ನೀವ ಹೇಳಿದ್ರಲ್ಲ," ಅಂದಳು ಯಶೋಧರಾ. ದನಿ ಏರಿರಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಇಳಿಸಿದ್ದೆ. ಆದರ ಹೆಂಗ ಇಳಿಸಿದೆ? ಹುಕ್ಕೇರ್ಯಾಗ ನಮ್ಮ ಅಕ್ಕನ ಮಗಳ ಲಗ್ನದ ನಿಶ್ಚೆ ಇತ್ತು, ಬಸ್ ಸಿಗಲಿಲ್ಲ. ಬರೂದ್ರಾಗ ನೀವು ಸುತ್ತಿ ಅಂಟಿಸಿ ಕುಂತಿದ್ರಿ. ಮುಂಜಾನೆ ಇಳಿಸಿ ಮಧ್ಯಾಹ್ನ ಸುತ್ತೂದು ಬಿಟ್ಟು, ಮಧ್ಯಾಹ್ನ ಸುತ್ತಿದ್ದನ್ನ ಸಂಜೀಮುಂದ ಹೊರಗ ನಿಂತು ಇಳಸು ಅಂದ್ರ? ಫೋನಿನ್ಯಾಗ ಅಕ್ಷತಾ ಒಗದಂಗ ಆತು."

ಅದು ಖರೆ. ಸಿಲಿಂಡರಿನ ಗಾಡಿ ತಿರುಗಿ ಹೋಗಬೇಕೆಂದು ಅವಸರ ಮಾಡಿದಾಗ "ಸುತ್ರಿ ಸುತ್ರಿ, ಮಂತ್ರಕ್ಕ ಪ್ಲಾಸ್ಟಿಕ್ ಅಡ್ಡ ಬರತೈತೇನು" ಎಂದವನು ಸಾತಪ್ಪ. ಈಗ ಅವನು ಕಿಟಕಿಯ ಸರಳು ಎಣಿಸುವವನಂತೆ ಬೇರೆ ಕಡೆ ನೋಡುತ್ತಿದ್ದ. ಆ ದಿನ ರವಿವಾರ, ನೀಲಾಳಿಗೆ ಸಾಲಿ ಇರಲಿಲ್ಲ. ಇದೇ ಕೋಣೆಯ ಮೂಲೆಯಲ್ಲಿ ಕುಳಿತು, ಸುತ್ತುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದಳು. ನಡುವೆ ಒಮ್ಮೆ ಬಂದು ಸೆರಗು ಜಗ್ಗಿ, "ಅವ್ವಾ, ಸಿದ್ರಾಯ ಕಾಕಾ ಇನ್ನೂ ಬಂದಿಲ್ಲ" ಎಂದಿದ್ದಳು. "ಬರ್ತಾನ, ನೀ ಅತ್ಲಾಗ ಸರಿ" ಎಂದು ತಾನೇ ಗದರಿದ್ದಳಲ್ಲ.

"ಹಂಗಾರ ಈಗ ಏನ ಮಾಡೂದು?" ಸಾತಪ್ಪ ಕೇಳಿದ.

"ಏನ ಮಾಡೂದಂದ್ರ? ಅಕಿನ ಹರಕೊಂಡಾಳ, ಮತ್ತ ಸುತ್ತೂದು ಎಲ್ಲಿ ಬಂತು? ಗುಡಿಗೆ ಒಯ್ಯೂದು," ಅಂದ ಸಿದ್ರಾಯ. ಹೆಂಗಸರು ಹೌದೆಂದು ತಲೆ ಆಡಿಸಿದರು. ಕೆಂಚವ್ವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಐದು ವರ್ಷದಲ್ಲಿ ಆ ಮುಖ ಇಷ್ಟು ಸಡಿಲವಾದದ್ದನ್ನು ದಾಕ್ಷಾಯಿಣಿ ನೋಡಿರಲಿಲ್ಲ.

"ಗುಡಿಗೆ ಒಯ್ದ್ರ ಎರಡು ಮಳಿಗಾಲದಾಗ ಕೈ ಕಳಚಿ ಬೀಳತಾವ್ರಿ," ಹೊಸ್ತಿಲ ಆಚೆಯಿಂದ ಯಶೋಧರಾ ಅಂದಳು. "ಒಳಗ ಹುಳ ಇನ್ನೂ ಜೀವಂತ ಅದಾವ. ಅಕಿನ್ನ ತಿಂದು ಖಾಲಿ ಮಾಡತಾವ."

"ಅದನ್ನ ನಮಗ ಬಿಡ್ರಿ ಬಾಯಾರ. ನೀವು ನಮ್ಮ ದೇವರ ಚಿಂತಿ ಭಾಳ ಮಾಡಬ್ಯಾಡ್ರಿ."

ಯಾರೋ ಕಿಸಕ್ಕೆಂದರು. ಯಶೋಧರಾಳ ಮುಖ ಬಿಳಿಚಿತು. ಸೂಕ್ಷ್ಮದರ್ಶಕದಲ್ಲಿ ಅರಿಸಿನದ ಪದರವನ್ನು ಕಂಡು, ಮಗುವನ್ನು ಕಂಡವಳಂತೆ ಉಸಿರು ಬಿಗಿಹಿಡಿದ ಮುಖ ಅದೇ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ನೋಡಿದ ಮೇಲೆ ದಾಕ್ಷಾಯಿಣಿಗೆ ಯೋಚಿಸಲು ಹೆಚ್ಚು ಹೊತ್ತು ಉಳಿಯಲಿಲ್ಲ. ಸುಮ್ಮನಿದ್ದರೆ ಎಲ್ಲ ಸುಸೂತ್ರ. ಪವಾಡ ಪವಾಡವಾಗಿಯೇ ಉಳಿಯುತ್ತದೆ, ಅತ್ತೆಯ ಮುಖ ಸಡಿಲವಾಗಿಯೇ ಇರುತ್ತದೆ, ನೀಲಾಳ ಹೆಸರು ಯಾರ ಬಾಯಿಗೂ ಬರುವುದಿಲ್ಲ. ದೇವಿ ಒಳಗೊಳಗೇ ಹಿಟ್ಟಾಗುತ್ತಾಳೆ, ಈ ಹೆಣ್ಣುಮಗಳು ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾಳೆ. ನಿಜ ಹೇಳಿದರೆ ಒಂಬತ್ತು ವರ್ಷದ ಹುಡುಗಿಯನ್ನು ಇಷ್ಟೂ ಮಂದಿಯ ನಡುವೆ ನಿಲ್ಲಿಸಿ, ಯಾಕ ಮಾಡಿದಿ ಎಂದು ಕೇಳುತ್ತಾರೆ. ಹುಡುಗಿ ಉತ್ತರ ಹೇಳುತ್ತದೆ. ಆ ಉತ್ತರ ಇವರ ಮುಂದೆ, ಈ ಕರ್ಪೂರದ ಹೊಗೆಯಲ್ಲಿ ಹೊರಬರಬಾರದು.

"ದೇವಿ ಹರಕೊಂಡಿಲ್ರಿ," ಎಂದಳು. "ನಾನ ಕತ್ತರಿಸೇನಿ."

ಮಾತು ಆಡಿದ ಮೇಲೆ ಅದು ಎಷ್ಟು ಸುಲಭವಾಗಿ ಬಂತೆಂದು ಅವಳೇ ಬೆಚ್ಚಿದಳು.

"ಏನಂದಿ?" ಸಾತಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಒಳಗ ಹನಿ ಕುಂತಿದ್ದು. ಬಣ್ಣಕ್ಕ ಹತ್ತೀತು ಅಂತ ಒರಸಾಕ ಕತ್ತರಿಸಿದೆ. ನಿನ್ನೆ ಸಂಜೀಮುಂದ. ಮತ್ತ ಅಂಟಸಾಕ ಬರಲಿಲ್ಲ. ಹೇಳಾಕ ಅಂಜಿಕಿ ಬಂತು."

ಫಕೀರವ್ವ ಮೊದಲು ಬಾಯಿಬಿಟ್ಟಳು. "ಕಾಲೇಜ ಕಲ್ತಾಕಿ! ನಮ್ಮಂಥಾ ಹೆಬ್ಬಟ್ಟಿನವರು ಮಾಡಿದ್ರ ಅನ್ನಬೇಕಿತ್ತು." ಆಮೇಲೆ ಎಲ್ಲರೂ. ಸಿದ್ರಾಯ ಆರತಿ ತಟ್ಟೆಯನ್ನು ಸದ್ದಾಗುವಂತೆ ಕೆಳಗಿಟ್ಟ, ಸುಮ್ಮನೆ ಕರ್ಪೂರ ಹಚ್ಚಿ ತಾನೇ ಮೂರ್ಖನಾದ ಸಿಟ್ಟು ಅವನ ಕುತ್ತಿಗೆಯವರೆಗೆ ಕೆಂಪೇರಿತ್ತು. ಸಾತಪ್ಪ ಕೈ ಚಾಚಿದ. ಕೀಲಿಕೈ ಕೇಳುತ್ತಿದ್ದಾನೆಂದು ಅವಳಿಗೆ ತಿಳಿಯಲು ಹೊತ್ತಾಯಿತು. ಬರುವಾಗ ಮೊಳೆಯಿಂದ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು, ಗಂಟು ಬಿಚ್ಚಲಾಗದೆ ಹಲ್ಲು ಹಚ್ಚಬೇಕಾಯಿತು. ಎಲ್ಲರೂ ನೋಡುತ್ತಿರುವಾಗ ಬಾಯಿಯಿಂದ ಗಂಟು ಬಿಚ್ಚುವುದು, ಎಂಜಲಾದ ಕೀಲಿಕೈಯನ್ನು ಹಿರಿಯರ ಅಂಗೈಗೆ ಹಾಕುವುದು.

ಕೆಂಚವ್ವ ಎದ್ದು ನಿಂತಳು. ಸೊಸೆಯ ಕಡೆ ಒಂದು ಸಲ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನೀ ಇದೊಂದ ಸಮಾಧಾನರ ಬಿಡಬೇಕಿತ್ತು ನನಗ," ಎಂದು ಚರಿಗೆ ಎತ್ತಿಕೊಂಡು ಮನೆಯ ಕಡೆ ನಡೆದಳು.

ಯಶೋಧರಾ ಈಗ ಒಳಗೆ ಬಂದಿದ್ದಳು. ಕಟ್ಟಿಗೆ ಮತ್ತೆ ಕಟ್ಟಿಗೆಯಾಗಿತ್ತು, ಯಾರೂ ತಡೆಯಲಿಲ್ಲ. ಕತ್ತರಿಸಿದ ಅಂಚನ್ನು ಬಗ್ಗಿ ನೋಡಿದಳು, ದುಂಡನೆಯ ಮೂಲೆಯ ಮೇಲೆ ಬೆರಳಾಡಿಸಿದಳು. ಅವಳು ದಿನವಿಡೀ ಗುರುತುಗಳನ್ನು ಓದುವವಳು. ಯಾವ ಉಳಿಯದು, ಯಾವ ಕುಂಚದ್ದು, ಯಾವ ಕೈಯದು ಎಂದು. ತಲೆಯೆತ್ತಿ ದಾಕ್ಷಾಯಿಣಿಯನ್ನು ನೋಡಿದ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

"ಹೊಸಾ ಪ್ಲಾಸ್ಟಿಕ್ ತರಸ್ತೇನಿ. ಮೊದಲಿಂದ ಶುರು ಮಾಡೂದು," ಎಂದು ಸಾತಪ್ಪನಿಗೆ ಹೇಳಿದಳು. ಅವನು ಗೋಡೆ ನೋಡುತ್ತ ತಲೆಯಾಡಿಸಿದ. "ಈ ಸಲ ಪೂಜಾರ್ರು ಮೊದಲ, ನಾವು ಆಮ್ಯಾಲ." ಬಳಿಕ ತಗ್ಗಿದ ದನಿಯಲ್ಲಿ ಇವಳಿಗೆ, "ನೀವು ಇವತ್ತ ಮನಿಗೆ ಹೋಗ್ರಿ, ದಾಕ್ಷಾಯಿಣಿಯವರ. ಮನ್ಯಾಗ ನಿಮ್ಮ ಕೆಲಸ ಐತಿ."

ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಾಲು ಒಲೆಯ ಮೇಲೆ ಕಾಯದೆ ಕುಳಿತಿತ್ತು. ದಾಕ್ಷಾಯಿಣಿ ಒಲೆ ಹಚ್ಚಿದಳು, ಆರಿಸಿದಳು. ನೀಲಾ ಸಾಲಿಗೆ ಹೋಗಿರಲಿಲ್ಲ. ಹಿತ್ತಲಿನ ನೀರಿನ ಬ್ಯಾರಲ್ಲಿನ ಮರೆಯಲ್ಲಿ, ಯೂನಿಫಾರ್ಮ್ ತೊಟ್ಟು, ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದಳು. ಬಾಜೂ ಮನೆಯ ಹುಡುಗರು ಓಡಿಬಂದು ಎಲ್ಲ ಹೇಳಿ ಹೋಗಿದ್ದರೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ದಾಕ್ಷಾಯಿಣಿ ಪಕ್ಕದಲ್ಲಿ ಒದ್ದೆ ನೆಲದ ಮೇಲೆಯೇ ಕುಳಿತಳು. ಬೆನ್ನ ಮೇಲೆ ಕೈ ಇಟ್ಟಳು. ಆ ಪುಟ್ಟ ಬೆನ್ನು ಏರಿ ಇಳಿಯುತ್ತಿತ್ತು, ಏರಿ ಇಳಿಯುತ್ತಿತ್ತು.

"ನೀ ಯಾಕ ಸುಳ್ಳ ಹೇಳಿದಿ?" ನೀಲಾ ಕೇಳಿದಳು.

"ನಿನಗ ಯಾರೂ ಬೈಬಾರದು ಅಂತ."

"ನಿನಗ ಬೈದ್ರಂತಲ್ಲ."

"ಬೈಲಿ ಬಿಡು. ನಾ ದೊಡ್ಡಾಕಿ ಅದೇನಿ."

ಹುಡುಗಿ ನೆಲದ ಮೇಲೆ ಬೆರಳಿಂದ ಗೆರೆ ಎಳೆದಳು. "ಸಿದ್ರಾಯ ಕಾಕಾ ಬರೂಕಿಂತ ಮೊದಲ ಸುತ್ತಿದ್ರಿ. ನಾ ಹೇಳಿದ್ದೆ ನಿನಗ. ಜೀವಾ ಒಳಗ ಇತ್ತು. ನೀ ಕೇಳಲಿಲ್ಲ. ಮೂಗಿನ ಹಂತೇಕ ಹನಿ ಕುಂತಿದ್ದು, ದಿನಾ ನೋಡಿದ್ದೆ ನಾ ಕಿಡಕ್ಯಾಗಿಂದ. ನಿನ್ನೆ ಸಂಜೀಮುಂದ ನೀ ಮೀಟರ ನೋಡಿ ಬಂದು ಹಿಟ್ಟಿನ ಗಿರಣಿಗೆ ಹೋದಾಗ ಕೀಲಿ ಒಯ್ದೆ. ಮೂಗಿನ ಹಂತೇಕ ಅಷ್ಟ ಕತ್ತರಿಸೇನಿ, ಬ್ಯಾರೆ ಕಡೆ ಮುಟ್ಟಿಲ್ಲ."

"ಅದು ಉಸಿರಲ್ಲ ನನ್ನ ಬಂಗಾರ," ಎಂದಳು ದಾಕ್ಷಾಯಿಣಿ. "ಕಟಗ್ಯಾಗ ಪಸಿ ಇರತೈತಿ. ಹೊರಗ ತಂಪಾದ ಕೂಡ್ಲೆ ಅದು ಹನಿ ಆಗಿ ಕುಂದರತೈತಿ. ಸೈನ್ಸಿನ್ಯಾಗ ಹಿಂಗ ಅಂತ ಐತಿ." ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಕೇಳಿಸಿತು. ಎಷ್ಟೋ ಮುಂಜಾನೆಗಳಲ್ಲಿ ಒಲೆಯ ಮುಂದೆ ನಿಂತು ತನಗೆ ತಾನೇ ಹೇಳಿಕೊಂಡು ಸವೆದ ಮಾತುಗಳು ಅವು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ನೀಲಾ ಗೆರೆ ಎಳೆಯುವುದನ್ನು ನಿಲ್ಲಿಸಿದಳು. ಮುಖ ಎತ್ತಿ ತಾಯಿಯ ಮುಖವನ್ನು ನೋಡಿದಳು, ಎರಡು ಕಣ್ಣನ್ನೂ, ಒಂದಾದ ಮೇಲೊಂದು. ತುಟಿ ತೆರೆಯಿತು. ದಾಕ್ಷಾಯಿಣಿ ರೂಢಿಯಂತೆ ಅದು ಮುಚ್ಚಿಕೊಳ್ಳಲೆಂದು ಕಾದಳು. ಅದು ಮುಚ್ಚಿಕೊಳ್ಳಲಿಲ್ಲ.

"ಅವ್ವಾ," ಎಂದಳು ನೀಲಾ. "ಅಪ್ಪನ್ನ ಪ್ಲಾಸ್ಟಿಕ್‌ನ್ಯಾಗ ಸುತ್ತೂಕಿಂತ ಮೊದಲ ಅಂವಾ ಸತ್ತಿದ್ದ ಅಂತ ನೀ ನೋಡೀಯೇನು?"